ರಾಗಿ ಹೊಲದಲ್ಲಿ ಅವರೆಯ ಅಕ್ಕಡಿ: ಬಿತ್ತನೆಯಿಂದ ಹಿದುಕಿದ ಬೇಳೆಯವರೆಗೆ

ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ, ತುಮಕೂರು ಭಾಗದ ಖುಷ್ಕಿ ಹೊಲಗಳಲ್ಲಿ ರಾಗಿಯ ನಡುವೆ ಅವರೆಯನ್ನು ಅಕ್ಕಡಿಯಾಗಿ, ಅಂದರೆ ನಡುನಡುವೆ ಸಾಲು ಹಿಡಿಯುವ ಜೊತೆಬೆಳೆಯಾಗಿ, ಹಾಕುವುದು ಬಹಳ ಹಳೆಯ ಪದ್ಧತಿ. ಆದರೆ ಅವರೆಯನ್ನು ರಾಗಿಯ ಜೊತೆಗೆ ಉದುರಿಸಿ ಮರೆತುಬಿಡುವ ಬೆಳೆಯೆಂದು ನೋಡಿದರೆ ಕಾಯಿಯೂ ಕೈಗೆ ಸಿಗುವುದಿಲ್ಲ, ಮಣ್ಣಿಗೂ ಏನೂ ಉಳಿಯುವುದಿಲ್ಲ.

ಅಕ್ಕಡಿಗೆ ನಾಟಿ ಅವರೆಯೇ ತಕ್ಕದ್ದು. ಹಗಲಿನ ಅವಧಿ ಕಡಿಮೆಯಾಗುವ ತನಕ ಅದು ಹೂ ಬಿಡುವುದಿಲ್ಲವಾದ್ದರಿಂದ, ಜುಲೈನಲ್ಲಿ ರಾಗಿಯೊಂದಿಗೇ ಬಿತ್ತಿದರೂ ಅದಕ್ಕೆ ಪೈಪೋಟಿಯಾಗದೆ ಬೆಳೆದು, ರಾಗಿ ಕೊಯ್ದ ಮೇಲೆ ಖಾಲಿಯಾದ ಜಾಗಕ್ಕೆ ಹರಡಿಕೊಂಡು, ಡಿಸೆಂಬರ್–ಜನವರಿಯ ಚಳಿಯಲ್ಲಿ ಕಾಯಿ ಕೊಡುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-4ರಂತಹ ಗಿಡ್ಡ ತಳಿಗಳು ಯಾವ ಕಾಲದಲ್ಲಿ ಬಿತ್ತಿದರೂ ಹೂ ಬಿಡುತ್ತವೆ. ನೀರಿನ ಅನುಕೂಲವಿದ್ದು ಅವರೆಯೊಂದನ್ನೇ ಬೆಳೆಯುವವರಿಗೆ ಅವು ಒಳ್ಳೆಯವು.

ರಾಗಿಯ ಎಂಟು ಸಾಲಿಗೆ ಅವರೆಯ ಒಂದು ಸಾಲು ಇರಲಿ. ಬಿತ್ತುವ ಮೊದಲು ಬೀಜಕ್ಕೆ ರೈಜೋಬಿಯಂ, ಅಂದರೆ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಸೂಕ್ಷ್ಮಜೀವಿ, ಲೇಪಿಸುವುದನ್ನು ತಪ್ಪಿಸಬಾರದು. ಸ್ವಲ್ಪ ಬೆಲ್ಲವನ್ನು ನೀರಿನಲ್ಲಿ ಕುದಿಸಿ, ಪೂರ್ತಿ ಆರಿಸಿ, ಆ ಅಂಟಿನಲ್ಲಿ ಬೀಜವನ್ನು ಹೊರಳಿಸಿದ ಮೇಲೆ ರೈಜೋಬಿಯಂ ಪುಡಿಯನ್ನು ಬೆರೆಸಿ, ನೆರಳಿನಲ್ಲಿ ಒಣಗಿಸಿ ಅದೇ ದಿನ ಬಿತ್ತಬೇಕು. ಬಿಸಿ ಪಾಕವೂ ಬಿಸಿಲೂ ಈ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತವೆ. ಅವರೆಯ ಸಾಲಿಗೆ ಯೂರಿಯಾ ಹೆಚ್ಚಾದರೆ ಬೇರಿನಲ್ಲಿ ಗಂಟು ಕಟ್ಟುವುದೇ ಕಡಿಮೆಯಾಗುತ್ತದೆ.

ಗಂಟುಗಳು ಕೆಲಸ ಮಾಡುತ್ತಿವೆಯೇ ಎಂಬುದನ್ನು ನೋಡಲು ಒಂದೂವರೆ ತಿಂಗಳ ಪೈರಿನಲ್ಲಿ ಒಂದು ಗಿಡವನ್ನು ಕೈಯಿಂದ ಜಗ್ಗದೆ, ಗುದ್ದಲಿಯಿಂದ ಮಣ್ಣುಸಹಿತ ಎತ್ತಿ ನೀರಿನಲ್ಲಿ ಅದ್ದಿ ತೊಳೆಯಿರಿ. ಜಗ್ಗಿದರೆ ಗಂಟುಗಳು ಮಣ್ಣಿನಲ್ಲೇ ಉಳಿದುಬಿಡುತ್ತವೆ. ಒಂದು ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಬಣ್ಣ ಕಂಡರೆ ಗಾಳಿಯ ಸಾರಜನಕ ಗಿಡಕ್ಕೆ ದಕ್ಕುತ್ತಿದೆ ಎಂದರ್ಥ. ಬಿಳಿಚಿಕೊಂಡಿದ್ದರೆ ಅಥವಾ ಹಸಿರಾಗಿದ್ದರೆ ಆ ಗಂಟು ಕೆಲಸ ಮಾಡುತ್ತಿಲ್ಲ. ಹೀಗೆ ದಕ್ಕಿದ ಸಾರಜನಕದ ದೊಡ್ಡ ಪಾಲು ಕಾಳಿಗೇ ಹೋಗುತ್ತದೆ. ಮಣ್ಣಿಗೆ ಸೇರುವುದು ಉದುರಿದ ಎಲೆ ಮತ್ತು ಬೇರಿನಿಂದ. ಆದ್ದರಿಂದ ಕೊನೆಯ ಕೊಯ್ಲಿನಲ್ಲಿ ಗಿಡವನ್ನು ಕಿತ್ತು ಒಯ್ಯದೆ ಬುಡಕ್ಕೆ ಕುಡುಗೋಲು ಹಾಕಿ ಕೊಯ್ದು, ಬೇರನ್ನು ಹೊಲದಲ್ಲೇ ಬಿಡಬೇಕು. ಹೊಟ್ಟು ದನಗಳಿಗೆ ಒಳ್ಳೆಯ ಮೇವಾಗುತ್ತದೆ.

ಅಡುಗೆಗೆ ಕಾಳು ತುಂಬಿದ್ದರೂ ಸಿಪ್ಪೆ ಇನ್ನೂ ಹಸಿರಾಗಿರುವ ಕಾಯಿಯನ್ನು ಆರಿಸಿಕೊಳ್ಳಿ. ಸಿಪ್ಪೆಯ ಮೇಲಿನ ಅಂಟೇ ಸೊಗಡು. ಬಿಡಿಸಿದ ಕೈಯಲ್ಲಿ ಬಹಳ ಹೊತ್ತು ವಾಸನೆ ಉಳಿಯುವ ಕಾಯಿಯ ಸಾರಿಗೇ ರುಚಿ ಹೆಚ್ಚು. ಹಿದುಕಿದ ಬೇಳೆಗೆ, ಬಿಡಿಸಿದ ಹಸಿ ಕಾಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮೆಲ್ಲಗೆ ಒತ್ತಿದರೆ ಬೇಳೆ ಜಾರಿ ಹೊರಬರುತ್ತದೆ. ಅದು ಬೇಗ ಬೇಯುವುದರಿಂದ, ತೆಂಗಿನಕಾಯಿ ಮಸಾಲೆ ಚೆನ್ನಾಗಿ ಕುದಿಯುತ್ತಿರುವಾಗ ಹಾಕಿ, ಕರಗಿಹೋಗುವ ಮುನ್ನವೇ ಇಳಿಸಬೇಕು. ಮುದ್ದೆಯ ಜೊತೆಗೆ ಇದಕ್ಕಿಂತ ಒಳ್ಳೆಯ ಸಾರು ನನಗೆ ತಿಳಿದಿಲ್ಲ. ಒಣ ಅವರೆಯನ್ನಾದರೆ ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಪೂರ್ತಿ ಬೇಯಿಸಲೇಬೇಕು. ಅರೆಬೆಂದ ಒಣ ಕಾಳು ಆರೋಗ್ಯಕ್ಕೆ ಒಳ್ಳೆಯದಲ್ಲ.

ಬಿತ್ತನೆ ಬೀಜಕ್ಕೆ ಸೊಗಡು ಹೆಚ್ಚಿರುವ, ರೋಗವಿಲ್ಲದ ಗಿಡಗಳನ್ನು ಹೊಲದಲ್ಲೇ ಗುರುತಿಟ್ಟು, ಕಾಯಿ ಒಣಗುವವರೆಗೂ ಕೀಳದೆ ಬಿಡಿ. ಹುಳು ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆಯಿಟ್ಟು ಕಾಳಿನೊಂದಿಗೆ ಮನೆಗೆ ಬರುತ್ತದೆ. ಆದಕಾರಣ ಕಾಳನ್ನು ಹಲ್ಲಿಗೆ ಕಟಕ್ಕೆನ್ನುವಷ್ಟು ಒಣಗಿಸಿ, ಜರಡಿ ಹಿಡಿದ ಬೂದಿ ಬೆರೆಸಿ, ಗಾಳಿಯಾಡದ ಡಬ್ಬದಲ್ಲಿ ತುಂಬಿಡಿ. ಬೇಸಿಗೆಯಲ್ಲಿ ಒಮ್ಮೆ ತೆರೆದು, ಕಾಳಿನಲ್ಲಿ ತೂತು ಬಿದ್ದಿದೆಯೇ ಎಂದು ನೋಡಿಕೊಳ್ಳಿ.