ಗೀಸರ್ ಕೆಡ್ತು ಅಂತ ಹೊಸದು ತರೋಕ್ ಮುಂಚೆ ಇದನ್ನ ನೋಡಿ

ಹಾಸನದಲ್ಲಿ ಬೋರ್‌ವೆಲ್ ನೀರು ಬಳಸೋರಿಗೆ ಒಂದ್ ಮಾತು. ಮೊನ್ನೆ ನಮ್ಮನೆ ಗೀಸರ್‌ನಲ್ಲಿ ನೀರು ಬಿಸಿನೇ ಆಗ್ತಿರ್ಲಿಲ್ಲ, ಬಂದ ಮೆಕ್ಯಾನಿಕ್ಕು ಟ್ಯಾಂಕೇ ಹೋಗಿದೆ ಹೊಸದು ತಗೊಳ್ಳಿ ಅಂದ್ಬಿಟ್ರು, ನಂಗ್ಯಾಕೋ ಸಮಾಧಾನ ಆಗ್ದೆ ಇನ್ನೊಬ್ರನ್ನ ಕರೆಸಿ ಬಿಚ್ಚಿಸಿದ್ರೆ ಟ್ಯಾಂಕಿಗೆ ಏನೂ ಆಗಿಲ್ಲ, ನೀರು ಕಾಯಿಸೋ ಕಾಯಿಲ್ ಮೇಲೆ ಬೋರ್ ನೀರಿನ ಸುಣ್ಣ ಕಟ್ಟಿ ಅದು ಸುಟ್ಟೋಗಿತ್ತು ಅಷ್ಟೆ! ಅದೊಂದನ್ನೇ ಹಾಕಿಸಿದ್ವಿ. ಟ್ಯಾಂಕೇ ಸೋರ್ತಿದ್ರೆ ಮಾತ್ರ ಹೊಸದರ ಯೋಚ್ನೆ ಮಾಡಿ, ಆಗ್ಲೂ ಮೊದ್ಲು ವಾರಂಟಿ ಕಾರ್ಡ್ ಹುಡುಕಿ, ಟ್ಯಾಂಕಿಗೆ ಸಾಮಾನ್ಯವಾಗಿ ಕಾಯಿಲ್‌ಗಿಂತ ಜಾಸ್ತಿ ವರ್ಷ ಕೊಟ್ಟಿರ್ತಾರೆ. ವರ್ಷಕ್ಕೊಂದ್ಸಲ ಸುಣ್ಣ ತೆಗೆಸಿ, ಒಳಗಿರೋ ಮೆಗ್ನೀಷಿಯಂ ರಾಡ್ ಸವೆದಿದ್ಯಾ ನೋಡ್ಸಿ, ಟ್ಯಾಂಕಿಗೆ ತುಕ್ಕು ಹಿಡೀದಂಗೆ ಕಾಯೋದು ಅದೇ. ಥರ್ಮೋಸ್ಟಾಟ್ 60 ಡಿಗ್ರಿ ದಾಟಿಸ್ಬೇಡಿ, ಬಿಸಿ ಜಾಸ್ತಿ ಆದಷ್ಟೂ ಸುಣ್ಣ ಬೇಗ ಕಟ್ಟುತ್ತೆ. ಬದಲಾಯಿಸಿದ ಹಳೇ ಪಾರ್ಟ್ ಕೇಳಿ ಇಸ್ಕೊಳಿ, ಬಿಲ್ಲೂ ಅಷ್ಟೇ.