ನಿದ್ದೆಯನ್ನು ಓದಲು ಕಲಿತದ್ದು: ಸ್ಲೀಪ್ ಲ್ಯಾಬ್‌ನಲ್ಲಿ ನನ್ನ ಅನುಭವ

ನಾನು ಸ್ಲೀಪ್ ಲ್ಯಾಬ್‌ನಲ್ಲಿ ರಾತ್ರಿ ಪಾಳಿಯ ಟೆಕ್ನಿಷಿಯನ್. ಗೊರಕೆ, ಹಗಲಲ್ಲಿ ತೂಕಡಿಕೆ, ಮಲಗಿದಾಗ ಉಸಿರು ಕಟ್ಟುವುದು, ಇಂಥ ತೊಂದರೆ ಇರುವವರು ನಮ್ಮಲ್ಲಿ ಒಂದು ರಾತ್ರಿ ಮಲಗುತ್ತಾರೆ. ಪಕ್ಕದ ಕೋಣೆಯಲ್ಲಿ ಕೂತು ನಾನು ಅವರ ನಿದ್ದೆಯನ್ನು ಪರದೆಯ ಮೇಲೆ ನೋಡುತ್ತೇನೆ. ಕೆಲವರು ಮಧ್ಯರಾತ್ರಿ ಎದ್ದು "ಇಷ್ಟು ಹೊತ್ತು ಮಲಗಿದೆನಲ್ಲ, ಸಾಕಲ್ವಾ?" ಅಂತ ಕೇಳುತ್ತಾರೆ. ಸಾಕಾಗುವುದಿಲ್ಲ. ಯಾಕೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಶುರುವಾಗುವುದು ಅಳತೆ ಟೇಪಿನಿಂದ. ಮೂಗಿನ ಬುಡದಿಂದ ತಲೆಯ ಹಿಂದಿನ ಉಬ್ಬಿನವರೆಗೆ ಅಳೆದು, ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಚರ್ಮ ಉಜ್ಜಿ, ಪೇಸ್ಟ್ ಹಚ್ಚಿ, ಮೆದುಳಿನ ವಿದ್ಯುತ್ ಅಲೆ ಹಿಡಿಯುವ ಎಲೆಕ್ಟ್ರೋಡ್ ಅಂಟಿಸುತ್ತೇನೆ. ತಲೆಗೆ ಎಣ್ಣೆ ಹಾಕಿಕೊಂಡು ಬಂದರೆ ಅದು ನಿಲ್ಲುವುದೇ ಇಲ್ಲ. ಕಣ್ಣಿನ ಪಕ್ಕ, ಗದ್ದ, ಕಾಲು, ಎಲ್ಲಕ್ಕೂ ವೈರ್. ಎದೆಗೂ ಹೊಟ್ಟೆಗೂ ಬೆಲ್ಟ್, ಮೂಗಿಗೆ ನಳಿಕೆ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್.

ಆಮೇಲೆ ಇಡೀ ರಾತ್ರಿಯನ್ನು 30 ಸೆಕೆಂಡಿನ ತುಂಡುಗಳಾಗಿ ಓದಬೇಕು. ಒಂದೊಂದು ತುಂಡಿಗೂ ಒಂದು ಹಂತದ ಹೆಸರು.

ಕಣ್ಣು ಮುಚ್ಚಿ ಸುಮ್ನೆ ಮಲಗಿದಾಗ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಆಲ್ಫಾ ಅಲೆ ಕಾಣುತ್ತದೆ. ಅದು ಕರಗಿ, ಕಣ್ಣುಗುಡ್ಡೆ ನಿಧಾನಕ್ಕೆ ಅತ್ತಿತ್ತ ಹೊರಳಲು ಶುರುವಾದರೆ ಎನ್-1, ಅಂದರೆ ನಿದ್ದೆಯ ಮೊದಲ ಹಂತ. ಈಗ ಎಬ್ಬಿಸಿದರೆ "ನಾನಿನ್ನೂ ಮಲಗೇ ಇರಲಿಲ್ಲ" ಅನ್ನುತ್ತಾರೆ. ಮುಂದಿನದು ಎನ್-2. ಅರ್ಧ ಸೆಕೆಂಡಿಗಿಂತ ಜಾಸ್ತಿ ಹೊತ್ತು ಒತ್ತೊತ್ತಾಗಿ ಬರುವ ಸ್ಪಿಂಡಲ್ ಅಲೆಗಳು, ನಡುನಡುವೆ ದೊಡ್ಡದಾಗಿ ಏರಿ ಇಳಿಯುವ ಕೆ-ಕಾಂಪ್ಲೆಕ್ಸ್. ದೊಡ್ಡವರ ರಾತ್ರಿಯ ಹೆಚ್ಚುಕಡಿಮೆ ಅರ್ಧ ಇದರಲ್ಲೇ ಕಳೆಯುತ್ತದೆ.

ಎನ್-3 ಆಳ ನಿದ್ದೆ. ಅಲೆಗಳು ನಿಧಾನ, ಆದರೆ ಎತ್ತರ. 30 ಸೆಕೆಂಡಿನಲ್ಲಿ ಕನಿಷ್ಠ 6 ಸೆಕೆಂಡು ಇಂಥ ಅಲೆ ಇರಬೇಕು. ಮೊದಲು ಇದನ್ನು ಮೂರು, ನಾಲ್ಕು ಅಂತ ಎರಡು ಹಂತವಾಗಿ ಬರೆಯುತ್ತಿದ್ದರು, ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿಯ 2007ರ ನಿಯಮಾವಳಿ ಎರಡನ್ನೂ ಕೂಡಿಸಿತು. ಈ ಹೊತ್ತಿನಲ್ಲಿ ನಾಡಿ ಇಳಿದಿರುತ್ತದೆ, ರಕ್ತದೊತ್ತಡ ತಗ್ಗಿರುತ್ತದೆ, ಉಸಿರು ಒಂದೇ ಸಮ. ಬೆಳವಣಿಗೆಯ ಹಾರ್ಮೋನ್ ಜಾಸ್ತಿ ಬಿಡುಗಡೆಯಾಗುವುದೂ ಆಗಲೇ. ಮಕ್ಕಳಲ್ಲಿ ಇದು ಧಾರಾಳ, ವಯಸ್ಸಾದಂತೆ ಕಡಿಮೆಯಾಗುತ್ತದೆ. ಮುಖ್ಯವಾದ ಮಾತು, ಇದು ಬಹುಪಾಲು ರಾತ್ರಿಯ ಮೊದಲ ಭಾಗದಲ್ಲೇ ಮುಗಿದುಹೋಗುತ್ತದೆ.

ಇನ್ನು ರೆಮ್, ಅಂದರೆ ಕಣ್ಣು ವೇಗವಾಗಿ ಓಡಾಡುವ ನಿದ್ದೆ (ರ‍್ಯಾಪಿಡ್ ಐ ಮೂವ್‌ಮೆಂಟ್). ನನಗೆ ಇವತ್ತಿಗೂ ಬೆರಗು ಹುಟ್ಟಿಸುವ ಹಂತ ಇದು. ಮೆದುಳಿನ ಅಲೆ ನೋಡಿದರೆ ಎಚ್ಚರವಾಗಿರುವವರ ಹಾಗೆ ಇರುತ್ತದೆ, ಕಣ್ಣು ಸರಕ್ಕನೆ ಅತ್ತಿತ್ತ ಓಡುತ್ತಿರುತ್ತದೆ, ಆದರೆ ಗದ್ದದ ಸ್ನಾಯುವಿನ ಗೆರೆ ಮಾತ್ರ ಚಪ್ಪಟೆ. ಉಸಿರಾಟದ ವಪೆ ಮತ್ತು ಕಣ್ಣಿನ ಸ್ನಾಯು ಬಿಟ್ಟರೆ ಮೈಯ ಸ್ನಾಯುಗಳನ್ನು ಮೆದುಳೇ ಸಡಿಲ ಬಿಟ್ಟಿರುತ್ತದೆ, ಹಾಗಾಗಿ ಕನಸಲ್ಲಿ ಓಡಿದರೂ ಕಾಲು ಓಡುವುದಿಲ್ಲ. ನಾಡಿ, ಉಸಿರು ಏರುಪೇರು. ಮೈ ಬಿಸಿಯನ್ನು ಹಿಡಿತದಲ್ಲಿಡುವ ಶಕ್ತಿಯೂ ಆಗ ಕುಗ್ಗಿರುತ್ತದೆ. ಚಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ತಮ್ಮ ಎಂಟು ವರ್ಷದ ಮಗನ ಕಣ್ಣಿನ ಚಲನೆ ದಾಖಲಿಸುವಾಗ ಇದನ್ನು ಗಮನಿಸಿದ್ದರು. 1953ರಲ್ಲಿ ಗುರು ನಥಾನಿಯಲ್ ಕ್ಲೈಟ್‌ಮನ್ ಜೊತೆ ಪ್ರಕಟಿಸಿದರು.

ಮೊದಲ ರೆಮ್ ಬರುವುದು ನಿದ್ದೆ ಹತ್ತಿ ಸುಮಾರು 90 ನಿಮಿಷಕ್ಕೆ, ಅದೂ ಕೆಲವೇ ನಿಮಿಷ. ಈ ಹಂತಗಳು ರಾತ್ರಿಯಿಡೀ ಸುತ್ತು ಸುತ್ತಾಗಿ ಮರಳಿ ಬರುತ್ತವೆ. ಪ್ರತಿ ಸುತ್ತಿಗೂ ರೆಮ್ ಉದ್ದವಾಗುತ್ತಾ ಹೋಗಿ, ಬೆಳಗಿನ ಜಾವಕ್ಕೆ ಅರ್ಧ ಗಂಟೆಯೂ ಆಗಬಹುದು. ಸ್ಲೀಪ್ ಅಪ್ನಿಯಾ, ಅಂದರೆ ಮಲಗಿದಾಗ ಉಸಿರು ಕಟ್ಟುವ ತೊಂದರೆ, ಇರುವ ಅನೇಕರಿಗೆ ಅದು ತನ್ನ ನಿಜವಾದ ರೂಪ ತೋರಿಸುವುದು ಆಗಲೇ. ಗಂಟಲಿನ ಸ್ನಾಯುವೂ ಸಡಿಲವಾಗಿ ದಾರಿ ಮುಚ್ಚುತ್ತದೆ. ಗೊರಕೆ ತಟ್ಟನೆ ನಿಲ್ಲುತ್ತದೆ. ಎದೆಯ ಬೆಲ್ಟ್ ಒಂದು ಕಡೆ, ಹೊಟ್ಟೆಯ ಬೆಲ್ಟ್ ಇನ್ನೊಂದು ಕಡೆ ಎಳೆಯುತ್ತದೆ, ಮೂಗಿನ ಗೆರೆ ಮಾತ್ರ ಅಲುಗುವುದಿಲ್ಲ. 10 ಸೆಕೆಂಡ್ ಗಾಳಿ ನಿಂತರೆ ಅಪ್ನಿಯಾ ಅಂತ ಗುರುತಿಸುತ್ತೇವೆ, ರೆಮ್‌ನಲ್ಲಿ ಅದಕ್ಕಿಂತ ತುಂಬಾ ಉದ್ದದವು ಬರುತ್ತವೆ. ಆಮ್ಲಜನಕ ಇಳಿಯುವುದನ್ನು ನೋಡುತ್ತಾ ಕೂರುವುದು ಸುಲಭವಲ್ಲ. ಹೀಗೆ ರೆಮ್‌ನಲ್ಲಷ್ಟೇ ತೊಂದರೆ ಇರುವವರನ್ನು ರಾತ್ರಿ ಎರಡು ಗಂಟೆಗೆ ಮನೆಗೆ ಕಳಿಸಿದರೆ ವರದಿಯಲ್ಲಿ ಎಲ್ಲ ಸರಿ ಇದೆ ಅಂತಲೇ ಬರಬಹುದು.

ಕೈಗಡಿಯಾರದ ಆ್ಯಪ್ ಹೇಳುವ ಆಳ ನಿದ್ದೆಯ ಲೆಕ್ಕಕ್ಕೆ ಗಾಬರಿಯಾಗಬೇಡಿ. ಅದು ಚಲನೆ, ನಾಡಿ ನೋಡಿ ಅಂದಾಜು ಮಾಡುತ್ತದೆ, ಮೆದುಳಿನ ಅಲೆ ಅದಕ್ಕೆ ಕಾಣುವುದಿಲ್ಲ. ಟೆಸ್ಟಿಗೆ ಬರುವುದಾದರೆ ತಲೆಗೆ ಎಣ್ಣೆ ಬೇಡ. ಮಧ್ಯಾಹ್ನದ ಮೇಲೆ ಕಾಫಿ, ಟೀ ಬೇಡ. ಮದ್ಯ ರೆಮ್ ಅನ್ನು ತಗ್ಗಿಸುತ್ತದೆ, ಅದೂ ಬೇಡ. ಅಭ್ಯಾಸದ ದಿಂಬಿದ್ದರೆ ತನ್ನಿ. ಬೆಳಗಿನ ಬಸ್ಸಿಗೆ ಟಿಕೆಟ್ ಮಾಡಿಸುವುದಾದರೆ ಏಳು ಗಂಟೆಯ ನಂತರದ್ದನ್ನೇ ಮಾಡಿಸಿ.