ಕೂಲೆಂಟ್ ಕಡಿಮೆಯಾದರೆ ಮೊದಲು ಸೋರಿಕೆ ಹುಡುಕಿ

ಎಂಜಿನ್ನನ್ನು ತಂಪಾಗಿಡುವ ಕೂಲೆಂಟ್ ಎಂಬುದು ಪೆಟ್ರೋಲಿನಂತೆ ಉರಿದು ಖರ್ಚಾಗುವ ದ್ರವವಲ್ಲ. ಎಂಜಿನ್ ಮತ್ತು ರೇಡಿಯೇಟರ್ ನಡುವೆ ಮುಚ್ಚಿದ ಹಾದಿಯಲ್ಲಿ ಅದು ಸುತ್ತುತ್ತಲೇ ಇರುತ್ತದೆ. ಆದ್ದರಿಂದ ತಿಂಗಳೊಪ್ಪತ್ತಿನಲ್ಲಿ ಅದರ ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ, ಅದು ಎಲ್ಲೋ ಸೋರುತ್ತಿದೆ ಎಂದೇ ತಿಳಿಯಬೇಕು. ಈ ಮಾತನ್ನು ನಾನು ಕಲಿತದ್ದು ಚಾರ್ಮಾಡಿ ಘಾಟಿಯಲ್ಲಿ. ಮೂರು ವಾರಗಳಿಂದ ಮಟ್ಟ ಇಳಿದಾಗಲೆಲ್ಲ ನಲ್ಲಿ ನೀರು ತುಂಬಿಸುತ್ತ ಬಂದಿದ್ದೆ. ಉಜಿರೆ ದಾಟಿ ಘಾಟಿ ಏರುವಾಗ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ತಪಾಸಣೆ ಮಾಡಿದಾಗ ಸಿಕ್ಕಿದ್ದು ರೇಡಿಯೇಟರಿನ ಮೇಲಿನ ಹೋಸಿಗೆ (ರಬ್ಬರ್ ಕೊಳವೆಗೆ) ಹಾಕಿದ್ದ, ಸಡಿಲವಾದ ಒಂದು ಕ್ಲಿಪ್ ಮಾತ್ರ.

ಮಟ್ಟವನ್ನು ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಸಮತಟ್ಟಾದ ಜಾಗದಲ್ಲಿ ನೋಡಬೇಕು. ಬಾನೆಟ್ ಎತ್ತಿದರೆ ಕಾಣುವ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಕನಿಷ್ಠ ಮತ್ತು ಗರಿಷ್ಠ ಮಟ್ಟದ ಎರಡು ಗೆರೆಗಳಿರುತ್ತವೆ. ದ್ರವ ಅವುಗಳ ನಡುವೆ ಇರಬೇಕು. ಎಂಜಿನ್ ಬಿಸಿಯಿರುವಾಗ ಈ ಡಬ್ಬಿಯ ಅಥವಾ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬಾರದು. ಒಳಗೆ ಸುಮಾರು 1 ಬಾರ್ ಒತ್ತಡವಿರುವುದರಿಂದ 120 ಡಿಗ್ರಿ ಸೆಲ್ಸಿಯಸ್‌ನಲ್ಲೂ ಕುದಿಯದೆ ನಿಂತಿರುವ ಕೂಲೆಂಟ್, ಮುಚ್ಚಳ ತಿರುಗಿಸಿ ಒತ್ತಡ ಇಳಿದ ಕ್ಷಣದಲ್ಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಸೋರಿಕೆ ಹುಡುಕಲು ರಾತ್ರಿ ಕಾರಿನ ಮುಂಭಾಗದ ಕೆಳಗೆ ಹಳೆಯ ವೃತ್ತಪತ್ರಿಕೆಗಳನ್ನು ಹಾಸಿ, ಬೆಳಿಗ್ಗೆ ಕಲೆಯನ್ನು ನೋಡಿ. ಬಣ್ಣವಿಲ್ಲದ, ವಾಸನೆಯಿಲ್ಲದ ನೀರು ಎ.ಸಿ.ಯಿಂದ ಬಂದದ್ದು, ಅದಕ್ಕೆ ಗಾಬರಿ ಬೇಡ. ಕಪ್ಪು ಅಥವಾ ಕಂದು ಜಿಡ್ಡು ಎಂಜಿನ್ ಆಯಿಲ್. ಹಸಿರು, ಕೆಂಪು ಅಥವಾ ನೀಲಿ ಬಣ್ಣವಿದ್ದು, ಬೆರಳಿಗೆ ತುಸು ಅಂಟಿ, ಸಿಹಿ ವಾಸನೆ ಬಂದರೆ ಅದು ಕೂಲೆಂಟ್. ಕಾಗದ ಒಣಗಿಯೇ ಇದ್ದರೂ ಹೋಸುಗಳ ತುದಿ, ವಾಟರ್ ಪಂಪಿನ ಕೆಳಭಾಗ ಮತ್ತು ರೇಡಿಯೇಟರಿನ ಅಂಚುಗಳನ್ನು ಟಾರ್ಚ್ ಹಿಡಿದು ಪರೀಕ್ಷಿಸಬೇಕು, ಏಕೆಂದರೆ ಬಿಸಿಯಲ್ಲಿ ಮಾತ್ರ ಜಿನುಗಿ ಅಲ್ಲೇ ಒಣಗುವ ಕೂಲೆಂಟ್ ಉಪ್ಪು ಕಟ್ಟಿದಂತೆ ಬಣ್ಣದ ಪುಡಿಯನ್ನು ಉಳಿಸಿರುತ್ತದೆ. ನನ್ನ ಕಾರಿನಲ್ಲಿ ಆ ಕ್ಲಿಪ್ಪಿನ ಸುತ್ತ ಹಸಿರು ಪುಡಿ ಉಂಗುರದಂತೆ ಕಟ್ಟಿತ್ತು. ಒಮ್ಮೆ ಬಗ್ಗಿ ನೋಡಿದ್ದರೆ ಸಾಕಿತ್ತು.

ಹೊರಗೆ ಎಲ್ಲಿಯೂ ಗುರುತಿಲ್ಲದೆ ಮಟ್ಟ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿಗೂ ಅದರ ಮೇಲ್ಭಾಗವಾದ ಸಿಲಿಂಡರ್ ಹೆಡ್‌ಗೂ ನಡುವಿನ ಸೀಲ್) ಮೇಲೆ ಅನುಮಾನ ಪಡಬೇಕಾಗುತ್ತದೆ. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿರುವುದು ಮತ್ತು ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿರುವುದು ಅದರ ಲಕ್ಷಣಗಳು. ಮಲೆನಾಡಿನ ಮಳೆಗಾಲದಲ್ಲಿ ಬರೀ ಒಂದೆರಡು ಕಿಲೋಮೀಟರ್ ಓಡಾಡುವ ಕಾರಿನ ಆಯಿಲ್ ಮುಚ್ಚಳದ ಒಳಗೆ ತೆಳ್ಳಗೆ ಬಿಳಿ ಪದರ ಕಟ್ಟಿದ್ದರೆ ಅದು ತೇವಾಂಶವೂ ಆಗಿರಬಹುದು. ಆದರೆ ಡಿಪ್ ಸ್ಟಿಕ್ಕಿನಲ್ಲೇ ಆ ಬಣ್ಣ ಕಂಡರೆ ಕಾರನ್ನು ಓಡಿಸದೆ, ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು.

ಮುಳ್ಳು ಯಾವಾಗ ಏರುತ್ತದೆ ಎಂಬುದು ದೊಡ್ಡ ಸುಳಿವು. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಏರಿ, ಕಾರು ಓಡತೊಡಗಿದಂತೆ ಇಳಿದರೆ ರೇಡಿಯೇಟರ್ ಫ್ಯಾನ್, ಅದರ ಫ್ಯೂಸ್ ಅಥವಾ ರಿಲೇಯನ್ನು ಮೊದಲು ನೋಡಬೇಕು, ಏಕೆಂದರೆ ನಿಂತ ಕಾರಿಗೆ ಗಾಳಿ ಒದಗಿಸುವುದು ಫ್ಯಾನ್ ಮಾತ್ರ. ಹೆದ್ದಾರಿಯ ವೇಗದಲ್ಲಿ ಅಥವಾ ಏರಿನಲ್ಲಿ ಏರಿದರೆ ಕೂಲೆಂಟ್ ಕೊರತೆ, ಕಟ್ಟಿಕೊಂಡ ರೇಡಿಯೇಟರ್, ತೆರೆಯದ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಕವಾಟ) ಅಥವಾ ಸವೆದ ವಾಟರ್ ಪಂಪ್ ಕಾರಣವಾಗಿರುತ್ತದೆ. ರಸ್ತೆಯಲ್ಲೇ ರಾಗಿ ಒಕ್ಕಣೆ ನಡೆಯುವ ದಿನಗಳಲ್ಲಿ ಹೊಟ್ಟು, ದೂಳು ರೇಡಿಯೇಟರಿನ ಸಂದುಗಳಲ್ಲಿ ಸೇರಿಕೊಳ್ಳುವುದನ್ನೂ ಮರೆಯಬಾರದು. ಮುಳ್ಳಿನ ಜೊತೆಗೆ ಬ್ಯಾಟರಿ ದೀಪವೂ ಹೊತ್ತಿಕೊಂಡರೆ ಬಹುಶಃ ವಾಟರ್ ಪಂಪನ್ನೂ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ತಿರುಗಿಸುವ ಬೆಲ್ಟ್ ತುಂಡಾಗಿದೆ. ಎಷ್ಟು ದೂರ ಓಡಿಸಿದರೂ ಎಂಜಿನ್ ಬಿಸಿಯೇ ಆಗದಿದ್ದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆ ಎನ್ನಬಹುದು. ಮುಳ್ಳಿಲ್ಲದ ಕಾರುಗಳಲ್ಲಿ ಕೆಂಪು ದೀಪವೇ ಎಚ್ಚರಿಕೆ. ಅದು ಹೊತ್ತುವ ವೇಳೆಗೆ ತಡವಾಗಿರುತ್ತದೆಯಾದ್ದರಿಂದ ಅಂಥ ಕಾರಿನವರು ಮಟ್ಟವನ್ನು ವಾರಕ್ಕೊಮ್ಮೆ ನೋಡುವುದು ಒಳ್ಳೆಯದು.

ದಾರಿಯಲ್ಲಿ ಮುಳ್ಳು ಏರತೊಡಗಿದಾಗ ಎ.ಸಿ. ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿದರೆ ಎಂಜಿನ್‌ನ ಶಾಖ ಸ್ವಲ್ಪ ಹೊರಬೀಳುತ್ತದೆ. ಕೆಂಪು ಗೆರೆ ಮುಟ್ಟಿದರೆ ಕಾರನ್ನು ರಸ್ತೆಯ ಬದಿಗೆ ತಂದು ಎಂಜಿನ್ ನಿಲ್ಲಿಸಿ, ಮುಕ್ಕಾಲು ಗಂಟೆಯಾದರೂ ಕಾಯಬೇಕು. ಕಾದ ಎಂಜಿನ್‌ಗೆ ತಣ್ಣೀರು ಹೊಯ್ದರೆ ಸಿಲಿಂಡರ್ ಹೆಡ್ ಬಿರುಕು ಬಿಡುವ ಅಪಾಯವಿದೆ. ಘಾಟಿಯಲ್ಲಿ ಹೀಗೆ ಕಾಯುವುದು ಬೇಸರದ ಕೆಲಸವೇ ಸರಿ, ಆದರೆ ಹೆಡ್ ಕೆಲಸದ ಖರ್ಚಿನ ಮುಂದೆ ಮುಕ್ಕಾಲು ಗಂಟೆ ಏನೂ ಅಲ್ಲ.

ಕೂಲೆಂಟ್ ಇರುವುದು ಚಳಿಗೆ ನೀರು ಹೆಪ್ಪುಗಟ್ಟದಿರಲೆಂದು, ನಮ್ಮಲ್ಲಿ ಹಿಮ ಬೀಳುವುದಿಲ್ಲ, ಆದ್ದರಿಂದ ನೀರೇ ಸಾಕು ಎಂಬ ಮಾತನ್ನು ಒಪ್ಪಲಾಗದು. ಕೂಲೆಂಟ್ ನೀರಿಗಿಂತ ಹೆಚ್ಚಿನ ಉಷ್ಣತೆಯಲ್ಲಿ ಕುದಿಯುತ್ತದೆ, ಜೊತೆಗೆ ಲೋಹ ತುಕ್ಕು ಹಿಡಿಯದಂತೆ ಕಾಯುತ್ತದೆ. ಬೋರ್‌ವೆಲ್ ನೀರಿನ ಸುಣ್ಣದಂಶವಂತೂ, ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವ ಹಾಗೆಯೇ, ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಕಟ್ಟಿಬಿಡುತ್ತದೆ. ಸಾಂದ್ರ ಕೂಲೆಂಟನ್ನು ಸಾಮಾನ್ಯವಾಗಿ ಅಷ್ಟೇ ಪ್ರಮಾಣದ ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸಬೇಕು. ಮೊದಲೇ ಬೆರೆಸಿ ಮಾರುವುದಕ್ಕೆ ಮತ್ತೆ ನೀರು ಸೇರಿಸಬಾರದು. ಬಣ್ಣ ಒಂದೇ ಎಂದು ಎರಡು ಬಗೆಯದನ್ನು ಬೆರೆಸಬೇಡಿ, ಏಕೆಂದರೆ ಬಣ್ಣವನ್ನು ಆಯಾ ಕಂಪನಿಗಳು ತಮಗೆ ಬೇಕಾದಂತೆ ಹಾಕುತ್ತವೆ. ಯಾವ ಬಗೆ, ಎಷ್ಟು ಕಿಲೋಮೀಟರಿಗೆ ಬದಲಾವಣೆ ಎಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಬೇಕು. ತೆಗೆದ ಹಳೆಯ ಕೂಲೆಂಟ್ ರುಚಿಯಲ್ಲಿ ಸಿಹಿ, ಆದರೆ ವಿಷ. ನಾಯಿ, ಬೆಕ್ಕು ನೆಕ್ಕಿದರೆ ಸಾಯಬಹುದು. ಅದನ್ನು ಚರಂಡಿಗೆ ಚೆಲ್ಲದೆ, ಮುಚ್ಚಿದ ಕ್ಯಾನಿನಲ್ಲಿ ಗ್ಯಾರೇಜಿಗೆ ಕೊಡಬೇಕು.

ಹೊಸದನ್ನು ತುಂಬಿದ ಮೇಲೆ ಕೈಪಿಡಿಯಲ್ಲಿ ಹೇಳಿದಂತೆ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ತೆಗೆದು, ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಬೇಕು. ಮರುದಿನ ಬೆಳಿಗ್ಗೆ ಮಟ್ಟ ಸ್ವಲ್ಪ ಇಳಿದಿದ್ದರೆ ಅದು ಗಾಳಿ ಬಿಟ್ಟ ಜಾಗ, ಗೆರೆಯವರೆಗೆ ತುಂಬಿಸಿ. ಅದರ ಮರುದಿನವೂ ಇಳಿದಿದ್ದರೆ ಟಾರ್ಚ್ ಹಿಡಿದು ಮತ್ತೆ ಬಾನೆಟ್ ಕೆಳಗೆ ಬಗ್ಗಬೇಕು.